ಕಟ್ಟಿದವರೇ ಬಿಚ್ಚಬೇಕು

"ಮುಟ್ಟಿ ನೋಡ್ರಿ ಸಾಹೇಬ್ರ, ಏನೂ ಆಗಂಗಿಲ್ಲ," ಎಂದ ರಾಜೇಸಾಬ.

ದೌಲತರಾಯ ಮೊಣಕಾಲೂರಿ ಕುಳಿತ. ಬೇವಿನ ಮರದ ಬುಡದ ಚಪ್ಪಡಿಗೆ ಒಂದು ಕಬ್ಬಿಣದ ಬಳೆ ಹೊಡೆದಿದ್ದರು. ಅದಕ್ಕೆ ಎರಡು ಮೊಳ ಸರಪಳಿ, ಸರಪಳಿಯ ಇನ್ನೊಂದು ತುದಿಗೆ ಕಾಲಿಗೆ ತೊಡಿಸುವ ಪಟ್ಟಿ. ಚರ್ಮ ಉಜ್ಜಬಾರದೆಂದು ಯಾರೋ ಪುಣ್ಯಾತ್ಮರು ಪಟ್ಟಿಗೆ ಹಳೆಯ ಬಟ್ಟೆ ಸುತ್ತಿದ್ದರು. ಬಟ್ಟೆ ಸರಿಸಿ, ಪಟ್ಟಿಯ ಮೇಲೆ ಬೆರಳಿಟ್ಟು ಅಳೆದ. ಸರಿಯಾಗಿ ಎರಡು ಬೆರಳು ಅಗಲ.

ಬೆರಳು ತೆಗೆದು ಮತ್ತೊಮ್ಮೆ ಅಳೆದ. ಅಷ್ಟೇ.

ಇನ್ನು ಹನ್ನೊಂದು ದಿನ ಕಳೆದರೆ ಕೊಳಕೂರದ ಅಂಬಾರಾಯನಿಗೆ ಗಲ್ಲು. ಏಳು ವರ್ಷದ ಹಿಂದೆ, ಎಪ್ಪತ್ತೇಳನೇ ಇಸವಿಯಲ್ಲಿ, ತಂದೆ ಜಗದೇವಪ್ಪನನ್ನು ಕೊಡಲಿಯಿಂದ ಕಡಿದವನು ಅವನು. ಅವನನ್ನು ಹಿಡಿದು ಕೋರ್ಟಿಗೆ ನಿಲ್ಲಿಸಿದ ಪೊಲೀಸ್ ಫೌಜದಾರ ಇದೇ ದೌಲತರಾಯ.

ಹಿಡಿದ ದಿನ, ಮೈಮೇಲಿನ ಗುರುತುಗಳನ್ನು ಬರೆಯುವ ಜಾಗದಲ್ಲಿ ತನ್ನ ಕೈಯಾರೆ ಬರೆದಿದ್ದ: ಎಡಗಾಲಿನ ಹರಡಿನ ಸುತ್ತ ಎರಡು ಬೆರಳು ಅಗಲದ, ಇನ್ನೂ ಪೂರ್ತಿ ಮಾಯದ ಕಲೆ. ಬರೆದು ಮುಂದಿನ ಸಾಲಿಗೆ ಹೋಗಿದ್ದ. ಈ ಕಲೆ ಹೇಗಾಯಿತಪ್ಪಾ ಎಂದು ಬಾಯಿ ಬಿಟ್ಟು ಒಂದು ಮಾತು ಕೇಳಿರಲಿಲ್ಲ. ಫೌಜದಾರರ ಗತ್ತು ನೋಡಿ! ಹೆಣ ಸಿಕ್ಕಿತ್ತು, ಕೊಡಲಿ ಸಿಕ್ಕಿತ್ತು, ಕೊಂದವನು ಹೆಣದ ಪಕ್ಕದಲ್ಲೇ ಕುಳಿತಿದ್ದ. ಕಾಲಿನ ಕಲೆ ಕಟ್ಟಿಕೊಂಡು ಯಾರಿಗೆ ಏನಾಗಬೇಕಿತ್ತು?

ಕೋರ್ಟಿನಲ್ಲಿ ಅಂಬಾರಾಯನ ವಕೀಲ, ಇವನಿಗೆ ತಲೆ ಸರಿಯಿಲ್ಲ ಎಂದು ಹೇಳಲು ಹೊರಟ. ಹೆತ್ತ ತಾಯಿಯೇ ಅದನ್ನು ಅಲ್ಲಗಳೆದಳು. "ನನ್ನ ಮಗ ಶ್ಯಾಣ್ಯಾ ಇದ್ದಾನ್ರಿ, ಸೊಲ್ಲಾಪುರದ ಗಿರಣ್ಯಾಗ ದುಡಿತಿದ್ದ," ಎಂದು ಆಣೆ ಮಾಡಿ ಹೇಳಿದಳು. ಹಾಗಾದರೆ ಆಸ್ತಿಯ ಪಾಲಿಗಾಗಿ ಕೊಂದಿದ್ದಾನೆ ಎಂದು ದೌಲತರಾಯ ಬರೆದ. ಕೆಳಗಿನ ಕೋರ್ಟು ಒಪ್ಪಿತು, ಮೇಲಿನದೂ ಒಪ್ಪಿತು. ಜೈಲಿನಲ್ಲಿ ಅವನು ಗೋಡೆಯೊಂದಿಗೆ ಮಾತಾಡತೊಡಗಿದಾಗ, ಗಲ್ಲಿನ ಭಯಕ್ಕೆ ಆಟ ಕಟ್ಟಿದ್ದಾನೆ ಎಂದರು. ಕ್ಷಮಾದಾನದ ಅರ್ಜಿಯೂ ಹಿಂದಿರುಗಿತು.

ಕಳೆದ ತಿಂಗಳು ದೌಲತರಾಯ ಅವನನ್ನು ನೋಡಲು ಹೋಗಿದ್ದ. ಅಂಬಾರಾಯ ಕಂಬಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ್ದು ಒಂದೇ ಮಾತು: "ಅಪ್ಪ ಉಂಡಾನ್ರಿ?"

ಅಂದಿನಿಂದ ದೌಲತರಾಯನಿಗೆ ಅನ್ನ ಸೇರಿಲ್ಲ. ಸೊಲ್ಲಾಪುರದ ಗಿರಣಿಗಳನ್ನೆಲ್ಲ ಸುತ್ತಿದ. ಆ ಹೆಸರಿನವನು ಅಲ್ಲಿ ಯಾವತ್ತೂ ದುಡಿದಿರಲಿಲ್ಲ. ಹಾಗಾದರೆ ಕೊಲೆಗೆ ಮೊದಲಿನ ಆ ದಿನಗಳಲ್ಲಿ ಎಲ್ಲಿದ್ದ? ಬುದ್ಧಿ ಕೆಟ್ಟವರನ್ನು ಕೂರಿಸುವ ಜಾಗಗಳನ್ನು ಒಂದೊಂದಾಗಿ ಹುಡುಕುತ್ತ, ಖಜೂರಿಯ ಆಚೆ ಹೊಲಗಳ ನಡುವಿನ ಈ ಪುಟ್ಟ ದರ್ಗಾಕ್ಕೆ ಬಂದು ನಿಂತಿದ್ದ. ಇಲ್ಲಿ ಮೂವತ್ತು ವರ್ಷದಿಂದ ದೀಪ ಹಚ್ಚುವ ಮುಜಾವರ ರಾಜೇಸಾಬ.

"ಅಂಬಾರಾಯ ಇಲ್ಲಿದ್ದನೇನು, ಖಾತ್ರಿ?"

"ಇದೇ ಬೇವಿನಗಿಡದ ಬುಡಕ್ಕ. ಚಾಳೀಸ, ನಲವತ್ತು ದಿನಕ್ಕಂತ ಕಟ್ಟಿದ್ರು. ಇಪ್ಪತ್ತಾರನೇ ದಿನ ಹೋದ. ಮೂರು ದಿನಕ್ಕ ಸುದ್ದಿ ಬಂತು, ಅಪ್ಪನ್ನ ಹೊಡದಾನ ಅಂತ." ರಾಜೇಸಾಬ ಕಣ್ಣು ಒರೆಸಿಕೊಂಡ. "ಚಲೋ ಹುಡುಗ ಇದ್ದ ಸಾಹೇಬ್ರ. ರೊಟ್ಟಿ ಕೊಟ್ರ ಅರ್ಧ ಮುರದು ಇರಿವಿಗೆ ಹಾಕ್ತಿದ್ದ. ಒಮ್ಮೊಮ್ಮೆ ಕಿವಿ ಮುಚ್ಚಿಕೊಂಡು ಒದರ್ತಿದ್ದ, ಸುಮ್ಮಕಿರ್ರಿ ಸುಮ್ಮಕಿರ್ರಿ ಅಂತ. ಅಲ್ಲಿ ಯಾರೂ ಇರ್ತಿರಲಿಲ್ಲ."

"ಇದನ್ನ ಕೋರ್ಟಿಗೆ ಬಂದು ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರು?"

ದೌಲತರಾಯ ಪಟ್ಟಿಗೆ ಬಟ್ಟೆಯನ್ನು ಮತ್ತೆ ಸುತ್ತಿದ. ಕೇಳಬೇಕಾದವನು ತಾನೇ ಆಗಿದ್ದ.

"ಇರಲಿ. ಇಪ್ಪತ್ತಾರನೇ ದಿನ ಬಿಟ್ಟವರು ಯಾರು? ನೀನಾ?"

"ತೋಬಾ ತೋಬಾ! ನಮ್ಮ ಹತ್ರ ಕೀಲಿಕೈನೇ ಇರಂಗಿಲ್ರಿ. ಕೀಲಿ ಅವ್ರೇ ತರಬೇಕು, ಅವ್ರೇ ಹಾಕಬೇಕು, ಕೀಲಿಕೈ ಅವ್ರ ಮನ್ಯಾಗೇ ಇರಬೇಕು. ಇದು ನಮ್ಮಜ್ಜನ ಕಾಲದಿಂದ ನಡದದ. ಕಟ್ಟಿದವ್ರೇ ಬಿಚ್ಚಬೇಕು. ಪರರು ಬಿಚ್ಚಿದ್ರ ಗುಣ ನಿಲ್ಲಂಗಿಲ್ಲ ಅಂತಾರ."

"ಅಂದ್ರ ಮನೆಯವರೇ ಬಿಚ್ಚ್ಯಾರ."

"ಮತ್ತ್ಯಾರು? ನಾ ಅವತ್ತು ಸಂತಿಗೆ ಹೋಗಿದ್ನಿ. ನಮ್ಮಾಕಿ ನೋಡ್ಯಾಳ. ತಾಯಿ ಅಲ್ಲಂತ. ಹರೇದ ಹುಡುಗಿ ಒಬ್ಬಾಕಿ, ಬುತ್ತಿ ಕಟ್ಟಿಕೊಂಡು ಬಂದಿದ್ಲಂತ."

ದೌಲತರಾಯ ರಾಜೇಸಾಬ ಹೇಳಿದ್ದನ್ನೆಲ್ಲ ಬಯಾನವಾಗಿ ಬರೆದುಕೊಂಡ. ಮುದುಕ ಹೆಬ್ಬಟ್ಟು ಒತ್ತಿ, ಕೈಯನ್ನು ಬೇವಿನ ಎಲೆಗೆ ಒರೆಸಿಕೊಂಡ.

ಖಜೂರಿಯಲ್ಲಿ ಆಳಂದಕ್ಕೆ ಹೊರಟಿದ್ದ ಒಂದು ಲಾರಿ ಸಿಕ್ಕಿತು. ಡ್ರೈವರನ ಪಕ್ಕ ಕುಳಿತು ದೌಲತರಾಯ, ಈಗ ಅಂಬಾರಾಯನ ಪರ ನಿಂತಿದ್ದ ಗುಲ್ಬರ್ಗಾದ ಶ್ರೀಪಾದ ವಕೀಲರ ಮಾತನ್ನು ಮತ್ತೆ ಮತ್ತೆ ನೆನೆದುಕೊಂಡ. ಸಂಜೆಯ ರೈಲಿಗೆ ವಕೀಲರು ದಿಲ್ಲಿಯ ಸುಪ್ರೀಂ ಕೋರ್ಟಿಗೆ ಹೊರಡುವವರಿದ್ದರು. ಅದಕ್ಕೆ ಮೊದಲು ಮನೆಯವರ ಬಯಾನ ಅವರ ಕೈ ಸೇರಬೇಕಿತ್ತು.

"ಯಾವ ದರ್ಗಾದ ಮುಜಾವರ ಸಿಕ್ಕರೂ ಅವನೊಬ್ಬನ ಮಾತು ಸಾಲಂಗಿಲ್ಲ ದೌಲತರಾಯರ," ಎಂದಿದ್ದರು ವಕೀಲರು. "ಹುಚ್ಚಿತ್ತು ಅಂತ ತಾಯಿ ಹೇಳಬೇಕು. ಇನ್ನೊಂದು ತಿಳ್ಕೋರಿ. ಹುಚ್ಚಿದ್ರಷ್ಟೇ ಸಾಲದು. ಕೊಡಲಿ ಎತ್ತೂ ಮುಂದ, ತಾ ಮಾಡಾಕತ್ತಿದ್ದು ತಪ್ಪು ಅಂತ ಅವಂಗ ಗೊತ್ತಿತ್ತೋ ಇಲ್ಲೋ, ಕೋರ್ಟು ಇದೊಂದೇ ಕೇಳ್ತದ. ಗೊತ್ತಿರಲಿಲ್ಲ ಅಂದ್ರ ಉಳಿತಾನ. ಗೊತ್ತಿತ್ತು ಅಂದ್ರ ಎಂಥಾ ಹುಚ್ಚಿದ್ರೂ ಸರ್ಕಾರಿ ವಕೀಲ ಬಿಡಂಗಿಲ್ಲ."

ಎಂಥ ಕಾನೂನಪ್ಪಾ ಎಂದುಕೊಂಡ ದೌಲತರಾಯ. ಗೋಡೆಯೊಂದಿಗೆ ಮಾತಾಡುವವನ ತಲೆಯೊಳಗೆ ಇಣುಕಿ ನೋಡಿ, ತಪ್ಪು ಸರಿ ಎರಡನ್ನೂ ತೂಗಿ ಹೇಳಬೇಕಂತೆ. ಇಣುಕಿದವರು ಯಾರಿದ್ದಾರೆ?

ಆಳಂದದಲ್ಲಿ ಅವನು ಹೋದ ಮನೆಯ ಮುಂಭಾಗದಲ್ಲಿ ತೊಗರಿ ಕೊಂಡು ಮಾರುವ ಅಡತಿ ಅಂಗಡಿ, ಹಿಂದೆ ಸಂಸಾರ. ಅಂಬಾರಾಯನ ತಂಗಿ ಹೀರಾಬಾಯಿಯನ್ನು ಕೊಟ್ಟ ಮನೆ. ಕೊಳಕೂರದ ಮನೆಗೆ ಬೀಗ ಜಡಿದು ತಾಯಿ ಗುರುಶಾಂತಮ್ಮನೂ ಈಗ ಇಲ್ಲೇ ಇದ್ದಳು. ಅಂಗಡಿಯಲ್ಲಿ ಗಿರಾಕಿಯೊಬ್ಬನ ಜೊತೆ ಮಾತಿಗಿಳಿದಿದ್ದ ಹೀರಾಬಾಯಿಯ ಮಾವ, ದೌಲತರಾಯನನ್ನು ಕಂಡು ಮುಖ ಗಂಟಿಕ್ಕಿದ. ಆದರೂ ಒಳಗೆ ಹೋಗಿ ಎಂದು ಕೈ ತೋರಿಸಿದ.

ಹಿತ್ತಲ ಪಡಸಾಲೆಯಲ್ಲಿ ಗುರುಶಾಂತಮ್ಮ ಮೊರದ ತುಂಬ ಬ್ಯಾಳಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಏಳು ವರ್ಷದಲ್ಲಿ ಮುಪ್ಪಾಗಿ ಹೋಗಿದ್ದಳು. ಹೀರಾಬಾಯಿ ತಾಮ್ರದ ತಂಬಿಗೆಯಲ್ಲಿ ನೀರು ತಂದಿಟ್ಟು, ನಡುಮನೆಯ ಬಾಗಿಲು ಮುಂದೆ ಮಾಡಿ, ಅಲ್ಲೇ ಬಾಗಿಲಿಗೆ ಆತು ನಿಂತಳು.

"ತಾರೀಖು ಗೊತ್ತಾತೇನವ್ವಾ?" ದೌಲತರಾಯ ಕೇಳಿದ.

"ಗೊತ್ತಾತ್ರಿ." ಮುದುಕಿ ತಲೆಯೆತ್ತಲಿಲ್ಲ. "ಕಾಗದ ಬಂದಿತ್ತು. ಹೀರಾ ಓದಿ ಹೇಳಿದ್ಲು."

"ನಾ ಖಜೂರಿಯಿಂದ ಬರಾಕತ್ತೇನಿ."

ಬ್ಯಾಳಿಯಲ್ಲಿ ಓಡುತ್ತಿದ್ದ ಬೆರಳು ನಿಂತವು.

"ಖಜೂರ್‍ಯಾಗ ನಮ್ಮವ್ರು ಯಾರೂ ಇಲ್ರಿ."

"ದರ್ಗಾದಾಗ ರಾಜೇಸಾಬ ಅದಾನ. ಬೇವಿನಗಿಡದ ಬುಡಕ್ಕ ಸರಪಳಿ ಅದ. ಅವ್ವಾ, ನಿನ್ನ ಮಗನ ಕಾಲಾಗಿನ ಕಲೆ ನನ್ನ ಕಾಗದದಾಗ ಅದ. ಜೈಲಿಗೆ ಹೋಗೂಕಿಂತ ಮೊದಲೇ ಇತ್ತು. ಸೊಲ್ಲಾಪುರದ ಯಾವ ಗಿರಣಿಯೊಳಗೂ ಅವನ ಹೆಸರಿಲ್ಲ. ಇನ್ನೆಷ್ಟು ದಿನ ಮುಚ್ಚಿಡ್ತಿ?"

"ನನ್ನ ಮಗ ಶ್ಯಾಣ್ಯಾ ಇದ್ದಾನ್ರಿ." ಕೋರ್ಟಿನಲ್ಲಿ ಹೇಳಿದ್ದ ಅದೇ ಮಾತು, ಅದೇ ದನಿ.

ದೌಲತರಾಯನ ತಾಳ್ಮೆ ಹಾರಿತು. "ಶ್ಯಾಣ್ಯಾ ಅಂತ ಹೇಳಿ ಹೇಳೇ ಅವನನ್ನ ಫಾಶಿಗೆ ಕೊಟ್ಟಿಯಲ್ಲ! ಯಾಕ ಬೇಕಿತ್ತು ಈ ಸುಳ್ಳು? ಮಗಳ ಲಗ್ನಕ್ಕ ಅಡ್ಡ ಬರ್ತದಂತಲ್ಲೇನು? ಹುಚ್ಚನ ತಂಗೀನ ಯಾರೂ ಮಾಡಿಕೊಳ್ಳಂಗಿಲ್ಲಂತ?"

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಈ ಸೀಮೆಯ ರೀತಿಯೇ ಹಾಗೆ. ಹೊಲದ ಜಗಳಕ್ಕೆ ಕೊಲೆ ಮಾಡಿದವನ ತಂಗಿಯನ್ನು ಮನೆ ತುಂಬಿಸಿಕೊಳ್ಳುತ್ತಾರೆ. ಸಿಟ್ಟಿನ ಮನೆತನ ಎಂದು ನಾಲ್ಕು ದಿನ ಆಡಿಕೊಂಡು ಬಿಡುತ್ತಾರೆ. ಬುದ್ಧಿ ಕೆಟ್ಟವನ ತಂಗಿ ಎಂದರೆ ಹೊಸ್ತಿಲ ಹೊರಗೇ ನಿಲ್ಲಬೇಕು. ರಕ್ತದಲ್ಲೇ ಇದೆ, ನಾಳೆ ಮಕ್ಕಳಿಗೂ ಬರುತ್ತದೆ ಎನ್ನುತ್ತಾರೆ.

ಗುರುಶಾಂತಮ್ಮ ಮೊರ ಪಕ್ಕಕ್ಕೆ ಸರಿಸಿದಳು. ಮೊದಲ ಸಲ ಅವನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು.

"ಲಗ್ನದ ಆಸೆ ಇತ್ತು, ಇಲ್ಲನಂಗಿಲ್ಲ. ಅದಕ್ಕೇ ಯಾರಿಗೂ ಕಾಣಬಾರದಂತ ಅಷ್ಟು ದೂರ ಒಯ್ದು ಕಟ್ಟಿದ್ವಿ. ಸೊಲ್ಲಾಪುರಕ್ಕ ಹೋಗ್ಯಾನ ಅಂತ ಊರಾಗ ಹೇಳಿದ್ವಿ. ಆದ್ರ ಕೋರ್ಟಿನಾಗ ಹೇಳಿದ್ದು ಅದಕ್ಕಲ್ರಿ."

"ಮತ್ತ್ಯಾಕ?"

"ನಮ್ಮೂರಾಗ ನಾಯಿಗೆ ಹುಚ್ಚು ಹಿಡದ್ರ ಏನ್ ಮಾಡ್ತಾರ್ರಿ? ಬಡಿಗಿ ತಗೊಂಡು ಬಡದು ಕೊಲ್ತಾರ. ಶ್ಯಾಣ್ಯಾ ನಾಯಿ ಕಚ್ಚಿದ್ರ ಒಂದೇಟು ಹಾಕಿ ಬಿಡ್ತಾರ. ನನಗ ಅಷ್ಟೇ ತಿಳೀತು. ವಕೀಲ ಎದ್ದು ನಿಂತು ಹುಚ್ಚ ಅದಾನ ಹುಚ್ಚ ಅದಾನ ಅಂತ ಒದರಾಕತ್ತ. ಅಯ್ಯ, ಈ ಮುಕಳ್ಯಾ ನನ್ನ ಮಗನ್ನ ಕೊಲ್ಲಾಕ ನಿಂತಾನ ಅನಿಸ್ತು. ಓಡಿ ಹೋಗಿ ಆಣಿ ಮಾಡಿದ್ನಿ, ಶ್ಯಾಣ್ಯಾ ಇದ್ದಾನ್ರಿ, ಒಳ್ಳ್ಯಾಂವ ಇದ್ದಾನ್ರಿ, ಬಿಟ್ಟುಬಿಡ್ರಿ ಅಂತ." ಅವಳು ಎರಡೂ ಕೈ ನೆಲಕ್ಕೆ ಬಡಿದಳು. "ಹುಚ್ಚ ಅಂದ್ರ ಬಿಡ್ತಾರಂತ ನನಗ ಯಾರೂ ಹೇಳಲಿಲ್ಲಲ್ರಿ!"

ಮೂವತ್ತು ವರ್ಷದ ನೌಕರಿಯಲ್ಲಿ ದೌಲತರಾಯ ಸಾವಿರ ಸುಳ್ಳು ಕೇಳಿದ್ದ, ಇಂಥದ್ದನ್ನು ಕೇಳಿರಲಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಕೊಂದ ಮಗನನ್ನು ಉಳಿಸಲು ಹೋಗಿ ತನ್ನ ಕೈಯಿಂದಲೇ ಅವನ ಕೊರಳಿಗೆ ಹಗ್ಗ ಬಿಗಿದಿದ್ದಳು. ಆ ದಿನ ಕೋರ್ಟಿನಲ್ಲಿ ಅವಳ ಮಾತು ಕೇಳಿ, ಕೇಸು ಗಟ್ಟಿಯಾಯಿತು ಎಂದು ತಾನು ಚಹಾ ತರಿಸಿ ಕುಡಿದದ್ದು ನೆನಪಾಯಿತು.

"ಈಗಾದರೂ ಹೇಳವ್ವಾ. ನಾ ಬರ್ಕೋತೇನಿ. ಸಂಜಿಗೆ ವಕೀಲರು ದಿಲ್ಲಿಗೆ ಒಯ್ತಾರ."

ಅವಳು ಹೇಳಿದಳು. ಹತ್ತೊಂಬತ್ತನೇ ವಯಸ್ಸಿಗೆ ಮಗ ನಿದ್ದೆ ಬಿಟ್ಟದ್ದು, ಯಾರ್‍ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಎಂದು ಬಾವಿಯಲ್ಲಿ ಇಳಿದು ಕುಳಿತದ್ದು, ದರ್ಗಾಕ್ಕೆ ಒಯ್ಯುವಾಗ ಬಂಡಿಯಲ್ಲಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡದ್ದು. ದೌಲತರಾಯ ಒಂದಕ್ಷರ ಬಿಡದೆ ಬರೆದ. ಅವಳು ಹೆಬ್ಬಟ್ಟು ಒತ್ತಿದಳು.

"ಉಳೀತಾನೇನ್ರಿ?"

"ಉಳಿಯೂ ದಾರಿ ಆತು. ಒಂದು ಉಳದದ. ಕೀಲಿ ಬಿಚ್ಚಿದವರು ಯಾರು?"

"ನಾನೇ ಬಿಚ್ಚಿದ್ನಿ." ಉತ್ತರ ತಡವಿಲ್ಲದೆ ಬಂತು.

"ಅವ್ವಾ, ರಾಜೇಸಾಬನ ಹೆಂಡತಿ ನೋಡ್ಯಾಳ."

"ನಾನೇ ಅಂದ್ನಲ್ರಿ! ಬರಕೋರಿ, ಹೋಗ್ರಿ."

"ನಾ ಬಿಚ್ಚಿದ್ನಿ," ಎಂದಳು ಹೀರಾಬಾಯಿ.

"ಬಾಯಿ ಮುಚ್ಚಬೇ! ಮುಂದ ನಿಮ್ಮ ಮಾವ ಕುಂತಾರ!"

ಹೀರಾಬಾಯಿ ತಾಯಿಯ ಮುಖ ನೋಡಿದಳು. ಆಮೇಲೆ ತಾನು ಆತು ನಿಂತಿದ್ದ ನಡುಮನೆಯ ಬಾಗಿಲನ್ನು ಪೂರ್ತಿ ತೆರೆದಳು. ಅಂಗಡಿಯಲ್ಲಿ ತಕ್ಕಡಿಯ ಸದ್ದು ನಿಂತಿತು.

"ಕೇಳ್ಲಿ. ಎಲ್ಲಾರೂ ಕೇಳ್ಲಿ. ನಮ್ಮಣ್ಣ ಹುಚ್ಚ ಇದ್ದ. ನಾ ಹುಚ್ಚನ ತಂಗಿ. ಬೇಕಾದ್ರ ಇಟ್ಕೊಳ್ಳಿ, ಬ್ಯಾಡಾದ್ರ ಮಗಳ್ನ ಕರ್ಕೊಂಡು ಕೊಳಕೂರಕ್ಕ ಹೋಗ್ತೇನಿ." ಅವಳು ಬಂದು ದೌಲತರಾಯನ ಎದುರು ಕುಳಿತಳು. "ಬರೀರಿ ಸಾಹೇಬ್ರ. ಏಳು ವರ್ಷದಿಂದ ಎದಿಯಾಗ ಕಲ್ಲು ಇಟ್ಕೊಂಡು ಕುಂತೇನಿ."

ಗುರುಶಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ದೌಲತರಾಯ ಹೊಸ ಹಾಳೆ ತೆಗೆದ.

"ನನಗ ಆಗ ಹದಿನಾರು. ಇಲ್ಲೇ ಆಳಂದದಾಗ ಚಿಗವ್ವನ ಮನ್ಯಾಗ ಇದ್ನಿ. ಕೀಲಿಕೈ ಚಿಗವ್ವನ ಹತ್ರ ಇರ್ತಿತ್ತು. ಅವ್ವ ಬೇಸ್ತವಾರಕ್ಕೊಮ್ಮೆ ಬಂದು, ದರ್ಗಾಕ್ಕ ಹೋಗಿ, ಕೀಲಿ ಬಿಚ್ಚಿ, ಅಣ್ಣಗ ಮೈಗೆ ನೀರು ಎರದು, ಉಣಿಸಿ, ಮತ್ತ ಕೀಲಿ ಹಾಕಿ ಬರ್ತಿದ್ಲು. ಆ ಬೇಸ್ತವಾರ ಅವ್ವಗ ಜ್ವರ. ಬರಲಿಲ್ಲ. ಅಣ್ಣ ದಾರಿ ನೋಡ್ತಿರ್ತಾನಂತ ನಾನೇ ಬುತ್ತಿ ಕಟ್ಟಿಕೊಂಡು ಹೋದ್ನಿ."

"ಒಬ್ಬಾಕಿನೇ?"

"ಒಬ್ಬಾಕಿನೇ. ಅವನ್ನ ನೋಡಿರಲಿಲ್ರಿ ನಾ, ಕಟ್ಟಿದ ಮ್ಯಾಲ. ಕಾಲು ಬಾತಿತ್ತು. ನೊಣ ಕುಂತಿದ್ವು. ನನ್ನ ನೋಡಿ ನಕ್ಕ. ಹೀರವ್ವಾ, ಆಕಳ ಕರಾ ಎಷ್ಟು ದೊಡ್ಡದಾತು ಅಂತ ಕೇಳಿದ. ಶ್ಯಾಣ್ಯಾರಗತೇನೇ ಕೇಳಿದ್ರಿ! ಎರದ್ನಿ, ಉಣಿಸಿದ್ನಿ. ಮತ್ತ ಕೀಲಿ ಹಾಕಾಕ ಕೈ ಬರಲಿಲ್ಲ. ಸೋಮವಾರ ನನ್ನ ನೋಡಾಕ ಈ ಮನಿಯವ್ರು ಬರೋರಿದ್ರು. ಎಲ್ಲಾರ ಮನ್ಯಾಗೂ ಅಣ್ಣ ಇರ್ತಾನ, ನಮ್ಮ ಮನ್ಯಾಗೂ ಇರ್ಲಿ ಅಂತ ಆಸೆ ಆತು. ಗುಣ ಆಗ್ಯಾನ, ಕರ್ಕೊಂಡು ಹೋಗೂಣು ಅಂದ್ಕೊಂಡ್ನಿ."

ಪೆನ್ನು ಸರಸರ ಓಡುತ್ತಿತ್ತು. ಪಾಪದ ಹುಡುಗಿ ಎಂದುಕೊಂಡ ದೌಲತರಾಯ. ಪ್ರೀತಿಯಿಂದ ಬಿಚ್ಚಿದ ಕೀಲಿ. ಮೂರನೇ ದಿನಕ್ಕೆ ತಂದೆಯ ಹೆಣ.

"ಅಣ್ಣ ಖುಷಿಯಿಂದ ಬಂದನೇನು?"

ಹೀರಾಬಾಯಿ ತಾಯಿಯ ಕಡೆ ನೋಡಿ ಮತ್ತೆ ಹಾಳೆಯ ಕಡೆ ತಿರುಗಿದಳು.

"ಇಲ್ರಿ. ಬರಂಗಿಲ್ಲ ಅಂದ. ಕೀಲಿ ಹಾಕು ಅಂದ. ತಾನೇ ಕಾಲು ನನ್ನ ಮುಂದ ಚಾಚಿದ."

"ಯಾಕ?"

"'ಮನಿಗೆ ಒಯ್ಯಬ್ಯಾಡ ಹೀರಾ. ಅಪ್ಪನ್ನ ಕೊಲ್ಲು ಕೊಲ್ಲು ಅಂತ ಹಗಲೂ ರಾತ್ರಿ ಹೇಳಾಕತ್ತಾರ. ಅದು ಪಾಪ ಅದ, ತಪ್ಪು ಅದ, ನನಗ ಗೊತ್ತದ. ಆದ್ರ ಅವ್ರು ಬಿಡವಲ್ರು. ನನ್ನ ಕಟ್ಟಿ ಹೋಗವ್ವಾ' ಅಂತ ಕೈ ಮುಗದ. ನಾ ನಕ್ಕಬಿಟ್ನಿ ಸಾಹೇಬ್ರ. ಏನರೆ ಬಡಬಡಿಸ್ತಿ, ನಡಿ ಅಂತ ಕೈ ಹಿಡಿದು ಎಳಕೊಂಡು ಹೋದ್ನಿ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು.

ದೌಲತರಾಯನ ಪೆನ್ನು 'ಅದು ಪಾಪ ಅದ' ಎಂಬ ಮಾತನ್ನು ಬರೆಯದೆ, ಅದರ ಹಿಂದಿನ ಸಾಲಿಗೇ ನಿಂತಿತ್ತು.

ತಪ್ಪು ಅಂತ ಗೊತ್ತಿತ್ತೋ ಇಲ್ಲೋ. ಶ್ರೀಪಾದ ವಕೀಲರ ಆ ಒಂದೇ ಪ್ರಶ್ನೆ. ಅಂಬಾರಾಯ ಅದಕ್ಕೆ ಏಳು ವರ್ಷದ ಹಿಂದೆಯೇ ತನ್ನ ಬಾಯಿಂದ ಉತ್ತರ ಕೊಟ್ಟಿದ್ದ. ಹುಚ್ಚಿತ್ತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹುಚ್ಚಿನ ನಡುವೆಯೂ ಅವನಿಗೆ ತಿಳಿದಿತ್ತು ಎನ್ನುವುದಕ್ಕೂ ಬೇರೆ ಸಾಕ್ಷಿ ಬೇಡ. ಸರ್ಕಾರಿ ವಕೀಲ ಈ ಹಾಳೆಯನ್ನು ಎತ್ತಿ ಹಿಡಿದು, ನೋಡಿ ಸ್ವಾಮಿ, ತಪ್ಪೆಂದು ತಿಳಿದೇ ಮಾಡಿದ್ದಾನೆ ಎಂದರೆ ಮುಗಿಯಿತು.

ಈ ಸಾಲನ್ನು ಬರೆದರೆ ಅವನ ಕುತ್ತಿಗೆ ಹೋಗಬಹುದು. ಬಿಟ್ಟರೆ, ಮತ್ತೊಂದು ಸುಳ್ಳು ಕಾಗದ, ಅದೂ ತನ್ನ ಕೈಬರಹದಲ್ಲಿ.

"ನೋಡಿದ್ರೇನು!" ಗುರುಶಾಂತಮ್ಮ ಮೊಣಕಾಲ ಮೇಲೆ ಸರಿದು ಮುಂದೆ ಬಂದಳು. ಅವಳ ಮುಖದಲ್ಲಿ ಏಳು ವರ್ಷದಿಂದ ಕಾಣದ ಬೆಳಕು ಬಂದಿತ್ತು. "ಇದು ನನಗೂ ಗೊತ್ತಿರಲಿಲ್ಲ. ಎಂಥಾ ಒಳ್ಳ್ಯಾಂವ್ರಿ ನನ್ನ ಮಗ! ಪಾಪ ಯಾವುದು ಪುಣ್ಯ ಯಾವುದು ಎಲ್ಲಾ ತಿಳೀತಿತ್ತು ಅವಂಗ. ಇದನ್ನ ಮೊದಲು ಬರೀರಿ ಸಾಹೇಬ್ರ, ದೊಡ್ಡಕ್ಷರದಾಗ ಬರೀರಿ. ಇದನ್ನ ಓದಿದ್ರ ಯಾವ ಜಡ್ಜ ಫಾಶಿ ಕೊಡ್ತಾನ?"

ದೌಲತರಾಯ ಹಾಳೆಯ ಖಾಲಿ ಜಾಗದ ಮೇಲೆ ಬೆರಳಿಟ್ಟ.

ಹೀರಾಬಾಯಿ ಕಣ್ಣೊರೆಸಿಕೊಂಡು ಪೆನ್ನಿಗಾಗಿ ಕೈ ಚಾಚಿದಳು. ಬಾಗಿಲಲ್ಲಿ ಅವಳ ಮಾವ ಬಂದು ನಿಂತಿದ್ದ. ಹಾಳೆಯನ್ನೇ ನೋಡುತ್ತಿದ್ದ. ಗುಲ್ಬರ್ಗಾದ ಬಸ್ಸಿಗೆ ಇನ್ನು ಅರ್ಧ ಗಂಟೆ ಇತ್ತು.

"ಬರದ್ರೇನ್ರಿ, ಎಲ್ಲಾ?" ಎಂದಳು ಹೀರಾಬಾಯಿ. "ಒಮ್ಮೆ ಓದಿ ಹೇಳ್ರಿ, ಅವ್ವನೂ ಮಾವನೂ ಕೇಳ್ಲಿ. ಕೇಳಿ ಸಹಿ ಮಾಡ್ತೇನಿ."